ಅಮೆರಿಕದಲ್ಲಿ ಹುಟ್ಟಿದ ಮಗು ಅಲ್ಲಿನ ಅಧ್ಯಕ್ಷ ಆಗಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿರುವ ಕನ್ನಡದ ಮನೆಯಲ್ಲಿ ಮಗು ಹುಟ್ಟಿದ ಸುದ್ದಿ ಊರಿಗೆ ಮುಟ್ಟಿದ ಕೂಡಲೇ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಹಾಗಾದ್ರೆ ಇವಳು ಮುಂದೆ ಅಲ್ಲಿನ ಪ್ರೆಸಿಡೆಂಟ್ ಆಗಬಹುದು, ಅಲ್ವಾ?" ಪ್ರೀತಿಯ ಮಾತು ಅದು. ಆದರೆ ಅದರ ಹಿಂದೆ ಗಟ್ಟಿಯಾದ ಕಾನೂನಿದೆ. ಆ ಕಾನೂನಿಗಾಗಿ ಹಡಗಿನಲ್ಲಿ ಕೈದಿಯಂತೆ ಕೂತವರ, ಕೋರ್ಟು ಹತ್ತಿದವರ ಕಥೆ ಇದೆ. ಹುಟ್ಟಿನಿಂದ ಬರುವ ಪೌರತ್ವಕ್ಕೆ ಮಿತಿ ಹಾಕುವ ಆದೇಶಕ್ಕೆ 2025ರಲ್ಲಿ ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ಮೇಲೆ ಈ ಪ್ರಶ್ನೆಯ ಜೊತೆ ಆತಂಕವೂ ಸೇರಿಕೊಂಡಿದೆ. ಹಾಗಾಗಿ ಜನ ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಇದು ಕಾನೂನು ಸಲಹೆ ಅಲ್ಲ. ನಿಮ್ಮ ವೀಸಾ, ನಿಮ್ಮ ಮಗುವಿನ ಕಾಗದಪತ್ರದ ವಿಷಯಕ್ಕೆ ಇಮಿಗ್ರೇಶನ್ ವಕೀಲರನ್ನೇ ಕೇಳಿ.

ಅಮೆರಿಕದ ಅಧ್ಯಕ್ಷರಾಗಲು ಏನೇನು ಅರ್ಹತೆ ಬೇಕು?

ಮೂರೇ ಮೂರು. 'ನ್ಯಾಚುರಲ್ ಬಾರ್ನ್ ಸಿಟಿಜನ್' ಆಗಿರಬೇಕು, ವಯಸ್ಸು 35 ತುಂಬಿರಬೇಕು, 14 ವರ್ಷ ಅಮೆರಿಕದಲ್ಲಿ ವಾಸವಿದ್ದಿರಬೇಕು. 1787ರಲ್ಲಿ ಬರೆದ ಸಂವಿಧಾನದ ಎರಡನೇ ವಿಧಿಯಲ್ಲಿ ಇದು ಇದೆ. ಓದು, ಆಸ್ತಿ ಯಾವುದನ್ನೂ ಕೇಳಿಲ್ಲ. ಧರ್ಮವನ್ನು ಅರ್ಹತೆಯಾಗಿ ಕೇಳಲೇಬಾರದು ಎಂದು ಅದೇ ಸಂವಿಧಾನ ಇನ್ನೊಂದು ಕಡೆ ಹೇಳುತ್ತದೆ. ಆಮೇಲೆ ಕೆಲವು ಮಿತಿಗಳು ಸೇರಿದವು. ಒಬ್ಬರೇ ಎರಡಕ್ಕಿಂತ ಹೆಚ್ಚು ಸಲ ಅಧ್ಯಕ್ಷರಾಗಿ ಆಯ್ಕೆಯಾಗುವಂತಿಲ್ಲ ಎಂಬ 22ನೇ ತಿದ್ದುಪಡಿ 1951ರದ್ದು.

'ನ್ಯಾಚುರಲ್ ಬಾರ್ನ್ ಸಿಟಿಜನ್' ಅಂದ್ರೆ ಯಾರು?

ಸಂವಿಧಾನ ಇದನ್ನು ಬಿಡಿಸಿ ಹೇಳಿಲ್ಲ. ಅಧ್ಯಕ್ಷ ಹುದ್ದೆಯ ಅಭ್ಯರ್ಥಿಯೊಬ್ಬರ ವಿಷಯದಲ್ಲಿ ಸುಪ್ರೀಂ ಕೋರ್ಟ್ ಇದರ ಅರ್ಥವನ್ನು ನೇರವಾಗಿ ತೀರ್ಮಾನಿಸಿಯೂ ಇಲ್ಲ. ಆದರೆ ಕಾನೂನು ಬಲ್ಲವರಲ್ಲಿ ಬಹುಪಾಲು ಜನ ಒಪ್ಪುವ ಅರ್ಥ ಸರಳವಾಗಿದೆ: ಹುಟ್ಟಿದ ಗಳಿಗೆಯಿಂದಲೇ ಪೌರರಾಗಿರುವವರು. ಆಮೇಲೆ ಅರ್ಜಿ ಹಾಕಿ, ಪರೀಕ್ಷೆ ಬರೆದು, ಪ್ರಮಾಣ ಮಾಡಿ ಪೌರರಾಗಬೇಕಾದ ಅಗತ್ಯವೇ ಇಲ್ಲದವರು.

ಅಮೆರಿಕದ ಸಂಸತ್ತಿನ ಸಂಶೋಧನಾ ವಿಭಾಗ 2011ರಲ್ಲಿ ಕೊಟ್ಟ ವರದಿ ಇದನ್ನೇ ಹೇಳಿತು. 2015ರಲ್ಲಿ ಪಾಲ್ ಕ್ಲೆಮೆಂಟ್ ಮತ್ತು ನೀಲ್ ಕತ್ಯಾಲ್ ಸೇರಿ ಬರೆದ ಲೇಖನವೂ ಇದನ್ನೇ ಹೇಳಿತು. ಒಬ್ಬರು ಬುಷ್ ಸರ್ಕಾರದ ಪರವಾಗಿ, ಇನ್ನೊಬ್ಬರು ಒಬಾಮಾ ಸರ್ಕಾರದ ಪರವಾಗಿ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದವರು. ರಾಜಕೀಯದಲ್ಲಿ ಬೇರೆ ಬೇರೆ ಕಡೆ ಇದ್ದವರು ಇಲ್ಲಿ ಒಂದೇ ಮಾತಾಡಿದ್ದಾರೆ ಅನ್ನುವುದು ಗಮನಿಸಬೇಕಾದ ಸಂಗತಿ.

ಹಾಗೆ ನೋಡಿದರೆ ಅಮೆರಿಕದ ಪೌರರಲ್ಲಿ ಮೂರು ಬಗೆ. ಆ ನೆಲದಲ್ಲಿ ಹುಟ್ಟಿದವರು. ಬೇರೆ ದೇಶದಲ್ಲಿ ಹುಟ್ಟಿದರೂ ಅಪ್ಪನಿಂದಲೋ ಅಮ್ಮನಿಂದಲೋ ಹುಟ್ಟಿದಾಗಲೇ ಪೌರತ್ವ ಬಂದವರು. ವಲಸೆ ಬಂದು ಆಮೇಲೆ ಪೌರರಾದವರು. ಮೊದಲನೆಯವರ ಬಗ್ಗೆ ಗಂಭೀರವಾದ ಅನುಮಾನ ಇಲ್ಲ. ಎರಡನೆಯವರ ಬಗ್ಗೆ ಸ್ವಲ್ಪ ಚರ್ಚೆ ಇದೆ. ಮೂರನೆಯವರಿಗೆ ಬಾಗಿಲು ಮುಚ್ಚಿದೆ.

ಈ ಷರತ್ತನ್ನು ಯಾಕೆ ಹಾಕಿದರು?

ಯೂರೋಪಿನ ರಾಜಮನೆತನಗಳ ಭಯ. 1787ರಲ್ಲಿ ಅಮೆರಿಕ ಆಗಷ್ಟೇ ಹುಟ್ಟಿದ ದುರ್ಬಲ ದೇಶ. ಹೊರಗಿನ ಯಾವನೋ ರಾಜಕುಮಾರನನ್ನು ಕರೆತಂದು ತಲೆಯ ಮೇಲೆ ಕೂರಿಸಿಬಿಡುತ್ತಾರೆ ಎಂಬ ಅನುಮಾನ ಹಲವರಲ್ಲಿತ್ತು. ಆ ವರ್ಷ ಜುಲೈ 25ರಂದು, ಆಗ ವಿದೇಶಾಂಗ ವ್ಯವಹಾರ ನೋಡುತ್ತಿದ್ದ ಜಾನ್ ಜೇ ಅವರು ಸಂವಿಧಾನ ಬರೆಯುವ ಸಭೆಯ ಅಧ್ಯಕ್ಷರಾಗಿದ್ದ ಜಾರ್ಜ್ ವಾಷಿಂಗ್ಟನ್‌ಗೆ ಒಂದು ಪತ್ರ ಬರೆದರು. ಸೈನ್ಯದ ಮಹಾದಂಡನಾಯಕನ ಸ್ಥಾನ ಹುಟ್ಟು ಪೌರನಲ್ಲದವನ ಕೈಗೆ ಹೋಗಬಾರದು ಎಂಬುದು ಅವರ ಸಲಹೆ. ಕೆಲವೇ ವಾರಗಳಲ್ಲಿ ಆ ಮಾತು ಕರಡಿಗೆ ಸೇರಿತು. ಅದರ ಮೇಲೆ ದೊಡ್ಡ ಚರ್ಚೆ ನಡೆದ ದಾಖಲೆ ಇಲ್ಲ.

ಸಂವಿಧಾನಕ್ಕೆ ಸಹಿ ಹಾಕಿದವರಲ್ಲಿ ಒಬ್ಬರಾದ, ವೆಸ್ಟ್ ಇಂಡೀಸಿನಲ್ಲಿ ಹುಟ್ಟಿದ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಅವರನ್ನು ತಡೆಯಲು ಈ ಷರತ್ತು ಹಾಕಿದರು ಎಂದು ಕೆಲವರು ಹೇಳುತ್ತಾರೆ. ಅದು ತಪ್ಪು. ಸಂವಿಧಾನ ಜಾರಿಗೆ ಬಂದಾಗ ಪೌರರಾಗಿದ್ದವರಿಗೆಲ್ಲ ವಿನಾಯಿತಿ ಇತ್ತು, ಹ್ಯಾಮಿಲ್ಟನ್ ಅವರಿಗೂ ಇತ್ತು. ಆ ವಿನಾಯಿತಿ ಇಲ್ಲದಿದ್ದರೆ ವಾಷಿಂಗ್ಟನ್ ಕೂಡ ಅಧ್ಯಕ್ಷ ಆಗುವಂತಿರಲಿಲ್ಲ, ಅವರು ಹುಟ್ಟಿದ್ದು ಬ್ರಿಟಿಷ್ ಪ್ರಜೆಯಾಗಿ. ಸ್ವತಂತ್ರ ಅಮೆರಿಕದಲ್ಲಿ ಹುಟ್ಟಿದ ಮೊದಲ ಅಧ್ಯಕ್ಷ ಎಂಟನೆಯವರಾದ ಮಾರ್ಟಿನ್ ವ್ಯಾನ್ ಬ್ಯೂರೆನ್. ಅವರು ಹುಟ್ಟಿದ್ದು 1782ರಲ್ಲಿ.

ನೆಲದಲ್ಲಿ ಹುಟ್ಟಿದವರೆಲ್ಲ ಪೌರರು ಎಂಬ ನಿಯಮ ಮೊದಲಿನಿಂದಲೂ ಇತ್ತಾ?

ಬಿಳಿಯರ ಮಟ್ಟಿಗೆ ರೂಢಿಯಲ್ಲಿ ಇತ್ತು. ಇಂಗ್ಲೆಂಡಿನ ಹಳೆಯ ಕಾನೂನಿನಿಂದ ಬಂದ ರೂಢಿ ಅದು. ಆದರೆ ಗುಲಾಮರಾಗಿ ತಂದ ಆಫ್ರಿಕನ್ನರ ಮಕ್ಕಳು, ಮೊಮ್ಮಕ್ಕಳು ಅದೇ ನೆಲದಲ್ಲಿ ಹುಟ್ಟಿದರೂ ಅವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ವರ್ಜೀನಿಯಾದಲ್ಲಿ ಗುಲಾಮನಾಗಿ ಹುಟ್ಟಿದ ಡ್ರೆಡ್ ಸ್ಕಾಟ್ ತನ್ನ ಸ್ವಾತಂತ್ರ್ಯಕ್ಕಾಗಿ ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟ್ 1857ರಲ್ಲಿ ಕೊಟ್ಟ ತೀರ್ಪು ಏನು ಗೊತ್ತೇ? ಆಫ್ರಿಕನ್ ಮೂಲದವರು ಗುಲಾಮರಾಗಿರಲಿ, ಬಿಡುಗಡೆಯಾದವರಾಗಿರಲಿ, ಅಮೆರಿಕದ ಪೌರರಾಗಲಾರರು. ಆ ಕೋರ್ಟಿನ ಇತಿಹಾಸದಲ್ಲೇ ಅತಿ ಕೆಟ್ಟ ತೀರ್ಪು ಎಂದು ಅದನ್ನು ಇವತ್ತಿಗೂ ನೆನೆಯುತ್ತಾರೆ.

ಆ ತೀರ್ಪನ್ನು ಅಳಿಸಲು ಒಂದು ಅಂತರ್ಯುದ್ಧ ಬೇಕಾಯಿತು. ಯುದ್ಧ ಮುಗಿದ ಮೇಲೆ, 1868ರ ಜುಲೈನಲ್ಲಿ, 14ನೇ ತಿದ್ದುಪಡಿ ಬಂತು. ಅಮೆರಿಕದಲ್ಲಿ ಹುಟ್ಟಿದ ಅಥವಾ ಅಲ್ಲಿ ಪೌರತ್ವ ಪಡೆದ, ಅದರ ಅಧಿಕಾರವ್ಯಾಪ್ತಿಗೆ ಒಳಪಟ್ಟ ಎಲ್ಲರೂ ಪೌರರು ಎಂದು ಅದು ಸಾರಿತು. ಎಚ್-1ಬಿ ಎಂಬ ಕೆಲಸದ ವೀಸಾದ ಮೇಲೆ ಬಂದ ನಮ್ಮ ಹುಡುಗ ಹುಡುಗಿಯರ ಮಕ್ಕಳಿಗೆ ಸಿಕ್ಕ ಪೌರತ್ವದ ಬೇರು ಇಲ್ಲಿದೆ. ಕಪ್ಪು ಜನ ಪಟ್ಟ ಪಾಡಿನಿಂದ ಬಂದ ಹಕ್ಕು ಇದು. ನಮ್ಮವರು ಇದನ್ನು ನೆನಪಿಟ್ಟುಕೊಳ್ಳುವುದು ಕಡಿಮೆ ಅನ್ನುವುದು ನನಗೆ ನೋವಿನ ಸಂಗತಿ.

ವಾಂಗ್ ಕಿಮ್ ಆರ್ಕ್ ಎಂಬ ಹೆಸರು ಎಲ್ಲೆಲ್ಲೂ ಕೇಳಿಸುತ್ತದೆ. ಯಾರು ಅವರು?

ಒಬ್ಬ ಅಡುಗೆಯವರು. ಹುಟ್ಟಿದ್ದು 1873ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಕೇರಿಯಲ್ಲಿ. ಅಪ್ಪ ಅಮ್ಮ ಚೀನಾದಿಂದ ಬಂದು ಅಲ್ಲಿ ವ್ಯಾಪಾರ ಮಾಡಿಕೊಂಡಿದ್ದವರು. ಅವರಿಗೆ ಅಮೆರಿಕದ ಪೌರತ್ವ ಸಿಗುವ ದಾರಿಯೇ ಇರಲಿಲ್ಲ. 1882ರಲ್ಲಂತೂ ಚೀನೀ ಕೂಲಿಗಳ ವಲಸೆಯನ್ನೇ ನಿಷೇಧಿಸುವ ಕಾನೂನು ಬಂದಿತ್ತು.

1894ರ ಕೊನೆಯಲ್ಲಿ ವಾಂಗ್ ಚೀನಾಕ್ಕೆ ಹೊರಟರು. ವಾಪಸ್ ಬಿಡುತ್ತಾರೋ ಇಲ್ಲವೋ ಎಂಬ ಅಳುಕು ಇದ್ದೇ ಇತ್ತು. ಅದಕ್ಕೇ ಹೊರಡುವ ಮೊದಲು ಒಂದು ಕಾಗದ ಮಾಡಿಸಿಕೊಂಡರು. ಅವರ ಫೋಟೋ ಅಂಟಿಸಿದ ಆ ಕಾಗದದಲ್ಲಿ, ಈತ ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಹುಟ್ಟಿದವನು ಎಂದು ಬಿಳಿಯ ಸಾಕ್ಷಿಗಳು ಸಹಿ ಹಾಕಿದ್ದರು. ಆ ಕಾಗದ ಇವತ್ತಿಗೂ ಅಮೆರಿಕದ ರಾಷ್ಟ್ರೀಯ ದಾಖಲೆಗಳಲ್ಲಿ ಇದೆ. ಅಷ್ಟೆಲ್ಲ ಮಾಡಿಕೊಂಡರೂ 1895ರ ಆಗಸ್ಟ್‌ನಲ್ಲಿ 'ಕಾಪ್ಟಿಕ್' ಎಂಬ ಹಡಗಿನಲ್ಲಿ ಮರಳಿದಾಗ ಸುಂಕದ ಅಧಿಕಾರಿ ಇಳಿಯಲು ಬಿಡಲಿಲ್ಲ. ತಾನು ಹುಟ್ಟಿ ಬೆಳೆದ ಊರು ಕಣ್ಣೆದುರಿಗೇ ಇದೆ, ಕಾಲಿಡುವಂತಿಲ್ಲ. ಒಂದು ಹಡಗಿನಿಂದ ಇನ್ನೊಂದು ಹಡಗಿಗೆ ಸಾಗಿಸುತ್ತಾ ತಿಂಗಳುಗಟ್ಟಲೆ ಅವರನ್ನು ನೀರಿನ ಮೇಲೆಯೇ ಇಟ್ಟರು.

ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 1898ರ ಮಾರ್ಚ್ 28ರಂದು 6-2 ಬಹುಮತದ ತೀರ್ಪು ಬಂತು. ಅಮೆರಿಕದಲ್ಲಿ ನೆಲೆಸಿರುವ ಪರದೇಶದವರಿಗೆ ಅಲ್ಲಿ ಹುಟ್ಟಿದ ಮಗು ಹುಟ್ಟಿನಿಂದಲೇ ಪೌರ ಎಂದು ನ್ಯಾಯಮೂರ್ತಿ ಹೊರೇಸ್ ಗ್ರೇ ಬರೆದರು.

ನಮ್ಮ ಪ್ರಶ್ನೆಗೆ ಇದರಲ್ಲಿ ಇನ್ನೊಂದು ಮುಖ್ಯ ಎಳೆ ಇದೆ. ತೀರ್ಪನ್ನು ಒಪ್ಪದ ಮುಖ್ಯ ನ್ಯಾಯಮೂರ್ತಿ ಫುಲ್ಲರ್ ತಮ್ಮ ಭಿನ್ನಮತದಲ್ಲಿ ಅಧ್ಯಕ್ಷ ಹುದ್ದೆಯ ಮಾತನ್ನೇ ಎತ್ತಿದರು. ದೇಶದಲ್ಲಿ ಹಾದು ಹೋಗುವಾಗ ಪರದೇಶದವರಿಗೆ ಹುಟ್ಟಿದ ಮಕ್ಕಳು, ಮಂಗೋಲಿಯನ್, ಮಲಯ ಮುಂತಾದ ಜನಾಂಗದವರು ಕೂಡ, ಅಧ್ಯಕ್ಷರಾಗಲು ಅರ್ಹರು, ಆದರೆ ನಮ್ಮ ಪೌರರಿಗೆ ಹೊರದೇಶದಲ್ಲಿ ಹುಟ್ಟಿದ ಮಕ್ಕಳು ಅರ್ಹರಲ್ಲ ಎಂದರೆ ಅದು ತರ್ಕಕ್ಕೆ ಒಪ್ಪುವುದಿಲ್ಲ ಎಂಬುದು ಅವರ ಆಕ್ಷೇಪ. ಅಂದರೆ ಬಹುಮತದ ತೀರ್ಪು ಯಾವ ಬಾಗಿಲು ತೆರೆಯುತ್ತಿದೆ ಎಂಬುದು ಅದನ್ನು ವಿರೋಧಿಸಿದವರಿಗೇ ಚೆನ್ನಾಗಿ ಗೊತ್ತಿತ್ತು.

ಗೆದ್ದ ಮೇಲೂ ವಾಂಗ್ ನೆಮ್ಮದಿಯಾಗಿ ಬದುಕಲಿಲ್ಲ. ಮೂರು ವರ್ಷದ ನಂತರ ಟೆಕ್ಸಸ್‌ನ ಎಲ್ ಪಾಸೋದಲ್ಲಿ ಅವರನ್ನು ಮತ್ತೆ ಹಿಡಿದರು. ತನ್ನದೇ ಹೆಸರಿನ ತೀರ್ಪು ಇದ್ದ ಮನುಷ್ಯ ತಾನು ಪೌರ ಎಂದು ಇನ್ನೊಮ್ಮೆ ತೋರಿಸಬೇಕಾಯಿತು.

ಅಲ್ಲೇ ಹುಟ್ಟಿದರೂ ಪೌರತ್ವ ಸಿಗದವರು ಯಾರಾದರೂ ಇದ್ದಾರಾ?

ಇದ್ದಾರೆ. ಪೂರ್ತಿ ರಾಜತಾಂತ್ರಿಕ ರಕ್ಷಣೆ ಇರುವ ವಿದೇಶಿ ರಾಯಭಾರಿಗಳ ಮಕ್ಕಳಿಗೆ ಸಿಗುವುದಿಲ್ಲ. ನೆಲವನ್ನು ಆಕ್ರಮಿಸಿದ ಶತ್ರು ಸೈನ್ಯದವರ ಮಕ್ಕಳಿಗೂ ಇಲ್ಲ.

ನೆಲದ ಮೂಲ ಜನರಿಗೇ ಬಹಳ ಕಾಲ ಈ ಹಕ್ಕು ಇರಲಿಲ್ಲ ಅನ್ನುವುದು ಕೇಳಿದರೆ ಸಂಕಟವಾಗುತ್ತದೆ. ಬುಡಕಟ್ಟಿನಲ್ಲಿ ಹುಟ್ಟಿ, ಅದನ್ನು ಬಿಟ್ಟು ಒಮಾಹಾ ನಗರದಲ್ಲಿ ಬದುಕುತ್ತಿದ್ದ ಜಾನ್ ಎಲ್ಕ್ ಮತದಾನದ ಹಕ್ಕು ಕೇಳಿದಾಗ, ಆತ ಹುಟ್ಟಿನಿಂದ ಪೌರನಲ್ಲ ಎಂದು 1884ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮೂಲನಿವಾಸಿಗಳೆಲ್ಲರನ್ನೂ ಪೌರರೆಂದು ಒಪ್ಪುವ ಕಾನೂನು ಬಂದದ್ದು 1924ರಲ್ಲಿ.

ಪೋರ್ಟೊ ರಿಕೊ, ಗುವಾಮ್‌ಗಳಲ್ಲಿ ಹುಟ್ಟಿದವರು ಕಾನೂನಿನ ಮೂಲಕ ಪೌರರು. ಅಮೆರಿಕನ್ ಸಮೋವಾದಲ್ಲಿ ಹುಟ್ಟಿದವರಿಗೆ ಮಾತ್ರ ಹುಟ್ಟಿನಿಂದ ಪೌರತ್ವ ಬರುವುದಿಲ್ಲ, 'ನ್ಯಾಷನಲ್' ಎಂಬ ಬೇರೆ ಸ್ಥಾನ ಇದೆ. 2020ರಲ್ಲಿ ಅಧ್ಯಕ್ಷ ಚುನಾವಣೆಯ ಕಣದಲ್ಲಿದ್ದ ತುಳಸಿ ಗಬಾರ್ಡ್ ಅಲ್ಲಿ ಹುಟ್ಟಿದವರು. ಅವರಿಗೆ ಪೌರತ್ವ ಬಂದದ್ದು ತಂದೆ ತಾಯಿಯಿಂದ. ಹೆಸರು ನೋಡಿ ನಮ್ಮವರು ಅವರನ್ನು ಭಾರತ ಮೂಲದವರು ಅಂದುಕೊಳ್ಳುತ್ತಾರೆ, ಅವರು ಹಿಂದೂ ಧರ್ಮ ಪಾಲಿಸುವವರು ಅಷ್ಟೇ.

ಅಪ್ಪ ಅಮ್ಮ ಇಬ್ಬರೂ ಪೌರರಾಗಿದ್ದರೆ ಮಾತ್ರ ಮಗು ಅಧ್ಯಕ್ಷ ಆಗಬಹುದು ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ನಿಜವಾ?

ಅಲ್ಲ. 18ನೇ ಶತಮಾನದ ಸ್ವಿಸ್ ಚಿಂತಕ ವಾಟೆಲ್ ಬರೆದದ್ದನ್ನೂ, 1875ರ ಒಂದು ತೀರ್ಪಿನ ಕೆಲವು ಸಾಲುಗಳನ್ನೂ ಹಿಡಿದುಕೊಂಡು ಕೆಲವರು ಈ ವಾದ ಮಾಡುತ್ತಾರೆ. ಆ ತೀರ್ಪು ಮಹಿಳೆಯರ ಮತದಾನದ ಬಗ್ಗೆ ಇದ್ದದ್ದು. ಪರದೇಶದವರ ಮಕ್ಕಳ ಪ್ರಶ್ನೆಯನ್ನು ಇಲ್ಲಿ ಬಿಡಿಸುವ ಅಗತ್ಯ ಇಲ್ಲ ಎಂದು ಅದರಲ್ಲೇ ಹೇಳಿದೆ. ಈಚಿನ ವರ್ಷಗಳಲ್ಲಿ ಈ ವಾದ ಹೊತ್ತು ಕೋರ್ಟಿಗೆ ಹೋದವರು ಸೋತು ಬಂದಿದ್ದಾರೆ.

ಉದಾಹರಣೆ ಬೇಕಾದರೆ 1881ರಲ್ಲಿ ಅಧ್ಯಕ್ಷರಾದ ಚೆಸ್ಟರ್ ಆರ್ಥರ್ ಇದ್ದಾರೆ. ಅವರು ಹುಟ್ಟಿದ್ದು 1829ರಲ್ಲಿ, ವರ್ಮಾಂಟ್‌ನಲ್ಲಿ. ಐರ್ಲೆಂಡಿನಿಂದ ಬಂದಿದ್ದ ಅವರ ತಂದೆ ಪೌರರಾದದ್ದು 1843ರಲ್ಲಿ.

ಇನ್ನು ಕಮಲಾ ಹ್ಯಾರಿಸ್. ಹುಟ್ಟಿದ್ದು 1964ರಲ್ಲಿ, ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ. ತಾಯಿ ಶ್ಯಾಮಲಾ ಗೋಪಾಲನ್ 19ನೇ ವಯಸ್ಸಿಗೆ ಬರ್ಕ್ಲಿಗೆ ಓದಲು ಹೋದ ತಮಿಳು ಹುಡುಗಿ, ತಂದೆ ಜಮೈಕಾದವರು. 2020ರಲ್ಲಿ ಕಮಲಾ ಉಪಾಧ್ಯಕ್ಷ ಅಭ್ಯರ್ಥಿಯಾದಾಗ ಈ ಅನುಮಾನವನ್ನು ಒಬ್ಬ ಕಾನೂನು ಪ್ರಾಧ್ಯಾಪಕರೇ ಪತ್ರಿಕೆಯಲ್ಲಿ ಎತ್ತಿದರು. ಆಕೆ ಉಪಾಧ್ಯಕ್ಷರಾದರು, 2024ರಲ್ಲಿ ಅಧ್ಯಕ್ಷ ಹುದ್ದೆಗೂ ಸ್ಪರ್ಧಿಸಿದರು. ಲೂಸಿಯಾನಾದ ಬಾಬಿ ಜಿಂದಾಲ್, ಸೌತ್ ಕ್ಯಾರೊಲಿನಾದ ನಿಕ್ಕಿ ಹೇಲಿ ಇಬ್ಬರದೂ ಇದೇ ಕಥೆ. ಪಂಜಾಬಿನಿಂದ ಬಂದ ಅಪ್ಪ ಅಮ್ಮ ಇನ್ನೂ ಪೌರರಾಗುವ ಮೊದಲೇ ಹುಟ್ಟಿದವರು ಇವರು. ಇಬ್ಬರೂ ಅಧ್ಯಕ್ಷ ಹುದ್ದೆಯ ಕಣಕ್ಕೆ ಇಳಿದಿದ್ದರು.

ಈ ಅನುಮಾನ ಈಚೆಗೆ ಯಾರ ಮೇಲೆ ಜಾಸ್ತಿ ಬರುತ್ತಿದೆ ಎಂದು ಒಮ್ಮೆ ನೋಡಿ. ಹೆಸರು, ಬಣ್ಣ ಬೇರೆ ಇದ್ದವರ ಮೇಲೆ. ಇದು ಬರೀ ಕಾನೂನಿನ ಕುತೂಹಲ ಎಂದು ನನಗೆ ಅನ್ನಿಸುವುದಿಲ್ಲ.

ಒಬಾಮಾ ವಿಷಯ ಏನಾಗಿತ್ತು?

ಅವರು 1961ರ ಆಗಸ್ಟ್ 4ರಂದು ಹವಾಯಿಯ ಹೊನೊಲುಲುವಿನಲ್ಲಿ ಹುಟ್ಟಿದರು. ಹವಾಯಿ 1959ರಲ್ಲೇ ರಾಜ್ಯವಾಗಿತ್ತು. ಹುಟ್ಟಿದ ತಿಂಗಳಲ್ಲೇ ಅಲ್ಲಿನ ಎರಡು ಪತ್ರಿಕೆಗಳಲ್ಲಿ ಜನನದ ಪ್ರಕಟಣೆ ಬಂದಿದೆ. ಆದರೂ ಕೀನ್ಯಾದಲ್ಲಿ ಹುಟ್ಟಿದರು ಎಂಬ ಸುಳ್ಳನ್ನು ವರ್ಷಗಟ್ಟಲೆ ಹಬ್ಬಿಸಿದರು. 2011ರ ಏಪ್ರಿಲ್ 27ರಂದು ಅಧಿಕಾರದಲ್ಲಿದ್ದ ಅಧ್ಯಕ್ಷರೊಬ್ಬರು ತಮ್ಮ ಪೂರ್ಣ ಜನನ ಪ್ರಮಾಣಪತ್ರವನ್ನು ದೇಶದ ಮುಂದೆ ಇಡಬೇಕಾಯಿತು. ಸುಳ್ಳನ್ನು ದೊಡ್ಡ ದನಿಯಲ್ಲಿ ಹೇಳಿದವರಲ್ಲಿ ಒಬ್ಬರಾದ ಡೊನಾಲ್ಡ್ ಟ್ರಂಪ್, ಒಬಾಮಾ ಅಮೆರಿಕದಲ್ಲೇ ಹುಟ್ಟಿದವರು ಎಂದು ಒಪ್ಪಿದ್ದು 2016ರ ಸೆಪ್ಟೆಂಬರ್‌ನಲ್ಲಿ.

ಹೊರದೇಶದಲ್ಲಿ ಹುಟ್ಟಿದವರು ಯಾರಾದರೂ ಸ್ಪರ್ಧಿಸಿದ್ದಾರಾ?

ಹೌದು. ಜಾನ್ ಮೆಕೇನ್ 1936ರಲ್ಲಿ ಪನಾಮಾ ಕಾಲುವೆ ವಲಯದಲ್ಲಿ ಹುಟ್ಟಿದರು, ತಂದೆ ಅಲ್ಲಿ ಅಮೆರಿಕದ ನೌಕಾಪಡೆಯಲ್ಲಿದ್ದರು. 2008ರಲ್ಲಿ ಅವರು ಅಭ್ಯರ್ಥಿಯಾದಾಗ, ಅವರು ಅರ್ಹರು ಎಂದು ಸೆನೆಟ್ ಒಂದು ನಿರ್ಣಯವನ್ನೇ ಅಂಗೀಕರಿಸಿತು. ಟೆಡ್ ಕ್ರೂಸ್ 1970ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಹುಟ್ಟಿದವರು. ತಾಯಿ ಅಮೆರಿಕದ ಪೌರೆ, ತಂದೆ ಕ್ಯೂಬಾದವರು. 2016ರಲ್ಲಿ ಅವರ ಅರ್ಹತೆಯನ್ನು ಪ್ರಶ್ನಿಸಿದಾಗ ಪೆನ್ಸಿಲ್ವೇನಿಯಾದ ನ್ಯಾಯಾಲಯ ಅವರು ಅರ್ಹರೇ ಎಂದಿತು. ಅದಕ್ಕೂ ಮೊದಲು, 1968ರಲ್ಲಿ, ಮೆಕ್ಸಿಕೋದಲ್ಲಿ ಹುಟ್ಟಿದ ಜಾರ್ಜ್ ರಾಮ್ನಿ ಕಣದಲ್ಲಿದ್ದರು.

ಈ ವಾದಕ್ಕೆ ಆಧಾರ 1790ರಷ್ಟು ಹಳೆಯದು. ಪೌರರಿಗೆ ಕಡಲಾಚೆ ಹುಟ್ಟಿದ ಮಕ್ಕಳನ್ನೂ 'ನ್ಯಾಚುರಲ್ ಬಾರ್ನ್' ಎಂದೇ ಎಣಿಸಬೇಕು ಎಂದು ಆ ವರ್ಷದ ಕಾನೂನು ಹೇಳಿತ್ತು. 1795ರ ಕಾನೂನಿನಲ್ಲಿ ಆ ಎರಡು ಪದ ಬಿಟ್ಟುಹೋಯಿತು. ಅನುಮಾನ ಪಡುವವರು ಹಿಡಿದುಕೊಳ್ಳುವುದು ಇದನ್ನೇ.

ನಾನು ಅಮೆರಿಕದ ಪೌರ, ಹೆಂಡತಿ ಭಾರತದ ಪೌರೆ. ಹೆರಿಗೆ ಬೆಂಗಳೂರಿನಲ್ಲಾದರೆ?

ನೀವು ಮಗು ಹುಟ್ಟುವ ಮೊದಲು ಒಟ್ಟು 5 ವರ್ಷ ಅಮೆರಿಕದಲ್ಲಿ ಇದ್ದಿದ್ದರೆ, ಅದರಲ್ಲಿ 2 ವರ್ಷವಾದರೂ ನಿಮಗೆ 14 ತುಂಬಿದ ನಂತರದ್ದಾಗಿದ್ದರೆ, ಮಗು ಹುಟ್ಟಿನಿಂದಲೇ ಅಮೆರಿಕದ ಪೌರ. ಅದನ್ನು ದಾಖಲೆ ಮಾಡಿಸಬೇಕು. ಕರ್ನಾಟಕದವರು ಇದಕ್ಕೆ ಚೆನ್ನೈನ ಅಮೆರಿಕನ್ ಕಾನ್ಸುಲೇಟಿಗೆ ಹೋಗುವುದು ರೂಢಿ. ನೀವು ಅಲ್ಲಿ ಇದ್ದದ್ದಕ್ಕೆ ಆಧಾರ ಕೇಳುತ್ತಾರೆ. ಹಳೆಯ ಪಾಸ್‌ಪೋರ್ಟ್, ಶಾಲೆ ಕಾಲೇಜಿನ ಅಂಕಪಟ್ಟಿ, ತೆರಿಗೆ ಕಾಗದ ಯಾವುದನ್ನೂ ಎಸೆಯಬೇಡಿ.

ಇನ್ನೊಂದು ಸಂದರ್ಭ ನಮ್ಮಲ್ಲಿ ಮಾಮೂಲಿ. ಚೊಚ್ಚಲ ಹೆರಿಗೆ, ತವರಿನಲ್ಲೇ ಬಾಣಂತನ ಆಗಲಿ ಎಂದು ಊರಿಗೆ ಬರುತ್ತಾರೆ. ಗಂಡ ಹೆಂಡತಿ ಇಬ್ಬರಿಗೂ ಗ್ರೀನ್ ಕಾರ್ಡ್ (ಅಮೆರಿಕದಲ್ಲಿ ಕಾಯಂ ಆಗಿ ನೆಲೆಸುವ ಪರವಾನಗಿ) ಮಾತ್ರ ಇದ್ದು ಮಗು ಶಿವಮೊಗ್ಗದಲ್ಲೋ ಹಾಸನದಲ್ಲೋ ಹುಟ್ಟಿದರೆ ಅದು ಅಮೆರಿಕದ ಪೌರನಾಗಿ ಹುಟ್ಟುವುದಿಲ್ಲ. ಮುಂದೆ ಪೌರತ್ವ ಸಿಗಬಹುದು, ಅಧ್ಯಕ್ಷ ಹುದ್ದೆಯ ಅರ್ಹತೆ ಸಿಗುವುದಿಲ್ಲ. ಅದಕ್ಕಾಗಿ ತವರಿಗೆ ಬರಬೇಡಿ ಅಂತ ನಾನು ಹೇಳುವುದಿಲ್ಲ. ಅಮ್ಮನ ಆರೈಕೆಗೆ ಬೆಲೆ ಕಟ್ಟಲಾಗದು. ಗೊತ್ತಿದ್ದು ನಿರ್ಧಾರ ಮಾಡಿ, ಅಷ್ಟೇ.

ವಲಸೆ ಬಂದು ಪೌರರಾದವರು ಏನೇನು ಆಗಬಹುದು?

ಅಧ್ಯಕ್ಷ, ಉಪಾಧ್ಯಕ್ಷ ಬಿಟ್ಟು ಬಹುತೇಕ ಎಲ್ಲವೂ. ಪೌರರಾಗಿ 7 ವರ್ಷ ಆದ ಮೇಲೆ ಪ್ರತಿನಿಧಿ ಸಭೆಗೆ, 9 ವರ್ಷ ಆದ ಮೇಲೆ ಸೆನೆಟ್‌ಗೆ ಹೋಗಬಹುದು. ಮಂತ್ರಿಯಾಗಬಹುದು, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೂ ಆಗಬಹುದು. ಜರ್ಮನಿಯಲ್ಲಿ ಹುಟ್ಟಿದ ಹೆನ್ರಿ ಕಿಸಿಂಜರ್ ವಿದೇಶಾಂಗ ಮಂತ್ರಿಯಾಗಿದ್ದರು. ಆಸ್ಟ್ರಿಯಾದಲ್ಲಿ ಹುಟ್ಟಿದ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಕ್ಯಾಲಿಫೋರ್ನಿಯಾದ ಗವರ್ನರ್ ಆಗಿದ್ದರು. ಕಂಪಾಲಾದಲ್ಲಿ ಹುಟ್ಟಿ 2018ರಲ್ಲಿ ಪೌರರಾದ ಜೊಹ್ರಾನ್ ಮಮ್ದಾನಿ 2025ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ಮೇಯರ್ ಚುನಾವಣೆ ಗೆದ್ದರು. ಇವರಲ್ಲಿ ಯಾರೂ ಅಧ್ಯಕ್ಷ ಆಗುವಂತಿರಲಿಲ್ಲ, ಆಗುವಂತಿಲ್ಲ.

ಭಾರತೀಯರಿಗೆ ಪೌರತ್ವದ ಈ ದಾರಿಯೂ ಸುಲಭಕ್ಕೆ ಸಿಗಲಿಲ್ಲ. ಅಮೆರಿಕದ ಸೈನ್ಯದಲ್ಲಿ ದುಡಿದಿದ್ದ ಭಗತ್ ಸಿಂಗ್ ಥಿಂಡ್ ಅವರಿಗೆ, ನೀನು ಬಿಳಿಯನಲ್ಲ, ಹಾಗಾಗಿ ಪೌರತ್ವ ಇಲ್ಲ ಎಂದು ಸುಪ್ರೀಂ ಕೋರ್ಟ್ 1923ರಲ್ಲಿ ಹೇಳಿತು. ಬಾಗಿಲು ತೆರೆದದ್ದು 1946ರ ಕಾನೂನಿನಿಂದ. ಅದಾಗಿ ಹತ್ತೇ ವರ್ಷಕ್ಕೆ ಪಂಜಾಬಿನ ದಲೀಪ್ ಸಿಂಗ್ ಸೌಂದ್ ಕ್ಯಾಲಿಫೋರ್ನಿಯಾದಿಂದ ಪ್ರತಿನಿಧಿ ಸಭೆಗೆ ಗೆದ್ದರು.

ಕರ್ನಾಟಕದ ನಂಟು ಇರುವವರು ಯಾರಾದರೂ ಅಷ್ಟು ಎತ್ತರಕ್ಕೆ ಹೋಗಿದ್ದಾರಾ?

ಇಬ್ಬರನ್ನು ಹೇಳಬಹುದು. ಬೆಳಗಾವಿ ಜಿಲ್ಲೆಯ ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2023ರ ಜನವರಿಯಿಂದ ಮಿಶಿಗನ್ ರಾಜ್ಯದ ಪರವಾಗಿ ಪ್ರತಿನಿಧಿ ಸಭೆಯಲ್ಲಿದ್ದಾರೆ. ಅಲ್ಲಿನ ಸರ್ಜನ್ ಜನರಲ್ ಹುದ್ದೆಗೆ ಎರಡು ಬಾರಿ ಬಂದ ಡಾ. ವಿವೇಕ್ ಮೂರ್ತಿ ಅವರ ಮನೆತನ ಮಂಡ್ಯ ಜಿಲ್ಲೆಯ ಹಲ್ಲೇಗೆರೆಯದು.

ವಿವೇಕ್ ಮೂರ್ತಿ ಮೂರು ವರ್ಷದ ಮಗುವಾಗಿದ್ದಾಗಲೇ ಮಯಾಮಿಗೆ ಬಂದವರು. ಓದಿದ್ದು, ಬೆಳೆದದ್ದು ಎಲ್ಲ ಅಮೆರಿಕದಲ್ಲಿ. ಆದರೆ ಹುಟ್ಟಿದ್ದು ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ. ಇಡೀ ದೇಶದ ಆರೋಗ್ಯದ ಬಗ್ಗೆ ಮಾತಾಡುವ ಹುದ್ದೆಯಲ್ಲಿ ಕೂತರೂ ಅಧ್ಯಕ್ಷ ಹುದ್ದೆಗೆ ಅವರು ಅರ್ಹರಲ್ಲ. ಅದೇ ಅಮೆರಿಕದಲ್ಲಿ ಹುಟ್ಟಿ, ಮೂರು ತಿಂಗಳಿಗೇ ಮೈಸೂರಿಗೆ ಬಂದು ಇಲ್ಲೇ ಬೆಳೆದ ಮಗುವಿಗೆ ಮುಂದೆ ಅಲ್ಲಿ 14 ವರ್ಷ ಬಾಳಿದರೆ ಅರ್ಹತೆ ಇದೆ. ಈ ಷರತ್ತು ಎಷ್ಟು ಅಸಂಬದ್ಧ ಅಂತ ಇಲ್ಲಿ ಎದ್ದು ಕಾಣುತ್ತದೆ.

ಉಪಾಧ್ಯಕ್ಷರಾಗಿ, ಆಮೇಲೆ ಅಧ್ಯಕ್ಷರಾಗುವ ದಾರಿ ಇಲ್ವಾ?

ಇಲ್ಲ. ಅಧ್ಯಕ್ಷರಾಗಲು ಅರ್ಹತೆ ಇಲ್ಲದವರು ಉಪಾಧ್ಯಕ್ಷರೂ ಆಗುವಂತಿಲ್ಲ ಎಂದು 1804ರ 12ನೇ ತಿದ್ದುಪಡಿ ಹೇಳುತ್ತದೆ. ಉತ್ತರಾಧಿಕಾರದ ಸಾಲಿನಲ್ಲೂ ಇಂಥ ಮಂತ್ರಿಗಳನ್ನು ದಾಟಿ ಮುಂದಿನವರಿಗೆ ಹೋಗುತ್ತಾರೆ.

2025ರ ಆದೇಶ ಏನು ಹೇಳುತ್ತದೆ? ಎಚ್-1ಬಿ ವೀಸಾದವರ ಮಕ್ಕಳಿಗೂ ಅನ್ವಯಿಸುತ್ತದಾ?

2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಟ್ರಂಪ್ ಸಹಿ ಹಾಕಿದ ಆದೇಶ ಇದು. ತಾಯಿ ಕಾನೂನುಬಾಹಿರವಾಗಿ ಅಲ್ಲಿದ್ದರೆ, ಅಥವಾ ಕಾನೂನುಬದ್ಧವಾಗಿಯೇ ಇದ್ದರೂ ತಾತ್ಕಾಲಿಕ ವೀಸಾದಲ್ಲಿದ್ದರೆ, ಜೊತೆಗೆ ತಂದೆ ಪೌರನೂ ಅಲ್ಲದೆ ಗ್ರೀನ್ ಕಾರ್ಡೂ ಇಲ್ಲದಿದ್ದರೆ, ಅಲ್ಲಿ ಹುಟ್ಟಿದ ಮಗುವನ್ನು ಸರ್ಕಾರ ಪೌರ ಎಂದು ಒಪ್ಪಬಾರದು ಎನ್ನುತ್ತದೆ ಆದೇಶ. ವಿದ್ಯಾರ್ಥಿ, ಕೆಲಸ, ಪ್ರವಾಸ ವೀಸಾಗಳೆಲ್ಲ ತಾತ್ಕಾಲಿಕದ ಲೆಕ್ಕಕ್ಕೇ ಬರುತ್ತವೆ. ಅಂದರೆ ಗಂಡನಿಗೆ ಎಚ್-1ಬಿ, ಹೆಂಡತಿಗೆ ಅವಲಂಬಿತರ ಎಚ್-4 ವೀಸಾ ಇರುವ ಸಾವಿರಾರು ಕನ್ನಡದ ಮನೆಗಳು ನೇರವಾಗಿ ಇದರಡಿ ಬರುತ್ತವೆ. ಗ್ರೀನ್ ಕಾರ್ಡಿನ ಸಾಲಿನಲ್ಲಿ ಹತ್ತಾರು ವರ್ಷ ಕಾಯುತ್ತಿರುವವರೂ 'ತಾತ್ಕಾಲಿಕ'ವೇ!

ಸಹಿಯಾಗಿ 30 ದಿನ ಆದ ಮೇಲೆ ಹುಟ್ಟುವ ಮಕ್ಕಳಿಗೆ ಅದು ಅನ್ವಯಿಸಬೇಕಿತ್ತು. ಆ ಗಡುವಿನ ಒಳಗೇ ಸಿಸೇರಿಯನ್ ಮಾಡಿಸಬಹುದೇ ಎಂದು ಭಾರತೀಯ ದಂಪತಿಗಳು ವೈದ್ಯರನ್ನು ಕೇಳುತ್ತಿದ್ದಾರೆ ಎಂದು ಆಗ ಪತ್ರಿಕೆಗಳು ವರದಿ ಮಾಡಿದವು. ದಿನ ತುಂಬುವ ಮೊದಲೇ ಮಗುವನ್ನು ಹೊರತೆಗೆಯುವ ಯೋಚನೆ ತಾಯಿಗೆ ಬರುತ್ತದೆ ಎಂದರೆ ಆ ಭಯ ಎಷ್ಟಿರಬೇಕು.

ಆದೇಶ ಬಂದ ಮೂರೇ ದಿನಕ್ಕೆ ಸಿಯಾಟಲ್‌ನ ನ್ಯಾಯಾಧೀಶ ಜಾನ್ ಕಾಫ್‌ನವರ್, ಇದು ಕಣ್ಣಿಗೆ ರಾಚುವಷ್ಟು ಸಂವಿಧಾನಬಾಹಿರ ಎಂದು ತಡೆ ಕೊಟ್ಟರು. ಬೇರೆ ಕೋರ್ಟುಗಳೂ ತಡೆದವು. ಜೂನ್ 27ರಂದು ಸುಪ್ರೀಂ ಕೋರ್ಟ್, ಒಬ್ಬ ಜಿಲ್ಲಾ ನ್ಯಾಯಾಧೀಶರು ಇಡೀ ದೇಶಕ್ಕೆ ತಡೆ ಕೊಡುವ ಅಧಿಕಾರವನ್ನು ಮೊಟಕು ಮಾಡಿತು. ಆದೇಶ ಸರಿಯೋ ತಪ್ಪೋ ಎಂದು ಮಾತ್ರ ಆಗ ಹೇಳಲಿಲ್ಲ. ಜುಲೈ 10ರಂದು ನ್ಯೂ ಹ್ಯಾಂಪ್‌ಶೈರ್‌ನ ನ್ಯಾಯಾಧೀಶರು ಬಾಧಿತ ಮಕ್ಕಳೆಲ್ಲರನ್ನೂ ಒಂದು ಗುಂಪಾಗಿ ಪರಿಗಣಿಸಿ ಮತ್ತೆ ತಡೆ ಕೊಟ್ಟರು. ಡಿಸೆಂಬರ್ 5ರಂದು ಸುಪ್ರೀಂ ಕೋರ್ಟ್ ಮೂಲ ಪ್ರಶ್ನೆಯನ್ನೇ ಕೈಗೆತ್ತಿಕೊಳ್ಳಲು ಒಪ್ಪಿತು. ವಾಂಗ್ ಕಿಮ್ ಆರ್ಕ್ ತೀರ್ಪು ಬಂದು 127 ವರ್ಷಗಳಾದ ಮೇಲೆ.

ಅಧ್ಯಕ್ಷ ಹುದ್ದೆಗೂ ಇದಕ್ಕೂ ಸಂಬಂಧ ನೇರ. ಹುಟ್ಟಿನಿಂದ ಪೌರತ್ವ ಇಲ್ಲದ ಮಗುವಿಗೆ ಆ ಅರ್ಹತೆಯೂ ಇಲ್ಲ.

ನನ್ನ ಮಗು 2019ರಲ್ಲಿ ಹುಟ್ಟಿದ್ದು. ಅದಕ್ಕೇನಾದರೂ ತೊಂದರೆಯಾ?

ಆದೇಶದ ಮಾತಿನ ಪ್ರಕಾರವೇ ಇಲ್ಲ. ಅದು ಹಿಂದೆ ಹುಟ್ಟಿದವರಿಗೆ ಅನ್ವಯಿಸುವುದಿಲ್ಲ.

ಮಗು ಪೌರ ಆದರೆ ನಮಗೂ ಗ್ರೀನ್ ಕಾರ್ಡ್ ಸಿಗುತ್ತದಲ್ವಾ?

ಸುಮ್ನೆ ಹಬ್ಬಿದ ಮಾತು. ಮಗುವಿಗೆ 21 ತುಂಬಿದ ಮೇಲೆ ಮಾತ್ರ ಅಪ್ಪ ಅಮ್ಮನಿಗಾಗಿ ಅರ್ಜಿ ಹಾಕಬಹುದು. ಅಲ್ಲಿಯವರೆಗೆ ನಿಮ್ಮ ವೀಸಾ ಮುಗಿದರೆ ನೀವು ಹೊರಡಲೇಬೇಕು, ಮಗು ಪೌರನಾಗಿದ್ದರೂ.

ಆಸ್ಪತ್ರೆಯಲ್ಲಿ ಕೊಟ್ಟ ಸರ್ಟಿಫಿಕೇಟ್ ಸಾಕಾ?

ಸಾಲದು. ಹಲವು ಆಸ್ಪತ್ರೆಗಳು ಮಗುವಿನ ಪುಟ್ಟ ಪಾದದ ಗುರುತು ಒತ್ತಿದ ಚೆಂದದ ಕಾಗದ ಕೊಡುತ್ತವೆ. ಅದು ನೆನಪಿಗೆ ಇಟ್ಟುಕೊಳ್ಳಲು. ಕಾನೂನಿಗೆ ಬೇಕಾದದ್ದು ರಾಜ್ಯದ ಅಥವಾ ಕೌಂಟಿಯ ಜನನ ದಾಖಲೆ ಕಚೇರಿ ಕೊಡುವ, ಮುದ್ರೆ ಇರುವ ಪ್ರತಿ. ಎರಡು ಮೂರು ಪ್ರತಿ ತೆಗೆಸಿಟ್ಟುಕೊಳ್ಳಿ.

ಹೆಸರಿನ ಬಗ್ಗೆ ಎಚ್ಚರ. ನಮ್ಮಲ್ಲಿ ಇನಿಷಿಯಲ್ ಇಡುವ ರೂಢಿ. ಅಲ್ಲಿ ಕೊನೆಯ ಹೆಸರು ಕೇಳಿದಾಗ ಒಬ್ಬರು ಅಪ್ಪನ ಹೆಸರು, ಇನ್ನೊಬ್ಬರು ಊರಿನ ಹೆಸರು ಬರೆಸಿ, ಅಪ್ಪನ ಪಾಸ್‌ಪೋರ್ಟಿಗೂ ಮಗುವಿನ ಕಾಗದಕ್ಕೂ ತಾಳೆಯಾಗದೆ ಆಮೇಲೆ ಒದ್ದಾಡುತ್ತಾರೆ. ಫಾರಂ ತುಂಬುವ ಮೊದಲೇ ಮನೆಯಲ್ಲಿ ಕೂತು ಸ್ಪೆಲಿಂಗ್ ಸಮೇತ ತೀರ್ಮಾನ ಮಾಡಿಕೊಳ್ಳಿ.

ಓಸಿಐ ಕಾರ್ಡ್ ಮಾಡಿಸಿದರೆ, ಭಾರತದಲ್ಲಿ ಬೆಳೆದರೆ ಅರ್ಹತೆ ಹೋಗುತ್ತದಾ?

ಇಲ್ಲ. ಓಸಿಐ ಎಂದರೆ ಭಾರತ ಮೂಲದ ವಿದೇಶಿ ಪೌರರಿಗೆ ಭಾರತ ಕೊಡುವ ಕಾರ್ಡ್, ಅದು ಭಾರತದ ಪೌರತ್ವವಲ್ಲ, ಭಾರತ ಇಬ್ಬಗೆಯ ಪೌರತ್ವವನ್ನು ಒಪ್ಪುವುದೂ ಇಲ್ಲ. ಭಾರತದಲ್ಲಿ ಬೆಳೆದರೂ ಅಮೆರಿಕದ ಪೌರತ್ವ ಹಾಗೇ ಇರುತ್ತದೆ, ಅದರ ಜವಾಬ್ದಾರಿಯೂ ಇರುತ್ತದೆ. ದೊಡ್ಡವರಾಗಿ ದುಡಿಯಲು ಶುರು ಮಾಡಿದರೆ ಮೈಸೂರಿನಲ್ಲಿ ಕೂತೂ ಅಮೆರಿಕಕ್ಕೆ ತೆರಿಗೆ ಲೆಕ್ಕ ಕೊಡಬೇಕಾಗಬಹುದು. 14 ವರ್ಷದ ವಾಸ ಒಂದೇ ಸಮನೆ ಇರಬೇಕು ಎಂದು ಸಂವಿಧಾನ ಹೇಳಿಲ್ಲ. 1928ರಲ್ಲಿ ಗೆದ್ದ ಹರ್ಬರ್ಟ್ ಹೂವರ್ ಅದಕ್ಕೂ ಮೊದಲು ಎಷ್ಟೋ ವರ್ಷ ಲಂಡನ್‌ನಲ್ಲಿ ಮನೆ ಮಾಡಿದ್ದವರು.

ಅಭ್ಯರ್ಥಿ ಅರ್ಹರೋ ಅಲ್ಲವೋ ಎಂದು ಯಾರು ನೋಡುತ್ತಾರೆ?

ಇದಕ್ಕೆಂದೇ ಒಂದು ಕೇಂದ್ರ ಕಚೇರಿ ಇಲ್ಲ. ಚುನಾವಣೆ ನಡೆಸುವುದು ರಾಜ್ಯಗಳು, ಮತಪತ್ರದಲ್ಲಿ ಹೆಸರು ಹಾಕುವ ಹಂತದಲ್ಲಿ ಅವು ತಡೆಯಬಹುದು. ಗಯಾನಾದಲ್ಲಿ ಹುಟ್ಟಿ ಪೌರರಾದ ವಕೀಲರೊಬ್ಬರು ಸ್ಪರ್ಧಿಸಲು ಹೊರಟಾಗ ಕೊಲರಾಡೋ ಅವರ ಹೆಸರು ಹಾಕಲು ಒಪ್ಪಲಿಲ್ಲ. 2012ರಲ್ಲಿ ಮೇಲ್ಮನವಿ ನ್ಯಾಯಾಲಯ ರಾಜ್ಯದ ಪರ ನಿಂತಿತು. ಆ ತೀರ್ಪು ಬರೆದವರು ನೀಲ್ ಗೋರ್ಸಚ್, ಮುಂದೆ ಸುಪ್ರೀಂ ಕೋರ್ಟಿಗೆ ಹೋದವರು.

ಭಾರತದಲ್ಲೂ ಇಂಥ ನಿಯಮ ಇದೆಯಾ?

ಇಲ್ಲ. ನಮ್ಮ ಸಂವಿಧಾನದ 58ನೇ ವಿಧಿಯ ಪ್ರಕಾರ ರಾಷ್ಟ್ರಪತಿ ಆಗಲು ಭಾರತದ ಪೌರರಾಗಿ, 35 ವರ್ಷ ತುಂಬಿ, ಲೋಕಸಭೆಗೆ ಆಯ್ಕೆಯಾಗುವ ಅರ್ಹತೆ ಇದ್ದರೆ ಆಯಿತು. ಹುಟ್ಟಿನ ಷರತ್ತು ಇಲ್ಲ. ಆದರೆ ನೆಲದ ಮೇಲೆ ಹುಟ್ಟಿದರೆ ಸಾಕು ಎಂಬ ಪೌರತ್ವ ಭಾರತದಲ್ಲಿ ಕ್ರಮೇಣ ಕಿರಿದಾಯಿತು. 1987ರ ಜುಲೈ 1ರಿಂದ ತಂದೆ ತಾಯಿಯಲ್ಲಿ ಒಬ್ಬರಾದರೂ ಪೌರರಾಗಿರಬೇಕು ಎಂದಾಯಿತು, 2004ರ ಡಿಸೆಂಬರ್‌ನಿಂದ ಇನ್ನಷ್ಟು ಬಿಗಿಯಾಯಿತು. ಅಮೆರಿಕದ ಹಾಗೆ ನೆಲದ ನಿಯಮ ಉಳಿಸಿಕೊಂಡಿರುವ ದೇಶಗಳಲ್ಲಿ ಕೆನಡಾ, ಮೆಕ್ಸಿಕೊ, ಬ್ರೆಜಿಲ್ ಸೇರಿವೆ.

ವಲಸಿಗರಿಗೂ ಅಧ್ಯಕ್ಷ ಹುದ್ದೆ ತೆರೆಯುವಂತೆ ನಿಯಮ ಬದಲಾಗಬಹುದಾ?

ಸಂವಿಧಾನ ತಿದ್ದಬೇಕು. ಎರಡೂ ಸದನಗಳಲ್ಲಿ ಮೂರನೇ ಎರಡು ಬಹುಮತ, ಆಮೇಲೆ 50ರಲ್ಲಿ 38 ರಾಜ್ಯಗಳ ಒಪ್ಪಿಗೆ. 2003ರಲ್ಲಿ ಸೆನೆಟರ್ ಆರಿನ್ ಹ್ಯಾಚ್, ಪೌರರಾಗಿ 20 ವರ್ಷ ಆದವರಿಗೆ ಅವಕಾಶ ಕೊಡೋಣ ಎಂಬ ತಿದ್ದುಪಡಿ ತಂದರು. ಮುಂದೆ ಹೋಗಲಿಲ್ಲ. ನನ್ನ ಮಟ್ಟಿಗೆ ಅದು ನ್ಯಾಯವಾದ ಪ್ರಸ್ತಾಪ. ರಾಜಕುಮಾರರ ಭಯ ಹೋಗಿ ಎರಡು ಶತಮಾನ ಆಯಿತು. ಪೌರತ್ವದ ಪ್ರಮಾಣ ಮಾಡಿ, ತೆರಿಗೆ ಕಟ್ಟಿ, ಸೈನ್ಯದಲ್ಲಿ ಪ್ರಾಣ ಕೊಡುವವರನ್ನು ಈ ಒಂದು ಬಾಗಿಲಲ್ಲಿ ನಿಲ್ಲಿಸುವುದಕ್ಕೆ ಈಗ ಒಳ್ಳೆಯ ಕಾರಣ ಉಳಿದಿಲ್ಲ.

ಭಾರತದಿಂದ ದತ್ತು ಪಡೆದ ಮಗು?

2000ದಲ್ಲಿ ಬಂದ ಕಾನೂನಿನ ಪ್ರಕಾರ, ಅಮೆರಿಕದ ಪೌರರು ದತ್ತು ಪಡೆದ ಮಗು 18 ತುಂಬುವ ಮೊದಲು ಗ್ರೀನ್ ಕಾರ್ಡಿನ ಮೇಲೆ ಅಲ್ಲಿಗೆ ಬಂದು ಅವರೊಂದಿಗೆ ನೆಲೆಸಿದರೆ, ದತ್ತು ಪೂರ್ತಿಯಾಗಿದ್ದಲ್ಲಿ ತಾನಾಗಿಯೇ ಪೌರತ್ವ ಬರುತ್ತದೆ. ಆದರೆ ಅದು ಹುಟ್ಟಿದ ಮೇಲೆ ಬಂದ ಪೌರತ್ವ. ಹಾಗಾಗಿ ಅಧ್ಯಕ್ಷ ಹುದ್ದೆಗೆ ಅರ್ಹತೆ ಇಲ್ಲ ಎಂಬುದೇ ಸಾಮಾನ್ಯ ಅಭಿಪ್ರಾಯ. ಪೌರತ್ವ ತಾನಾಗಿ ಬಂದರೂ ಪಾಸ್‌ಪೋರ್ಟ್ ಇಲ್ಲವೇ ಪೌರತ್ವ ಪ್ರಮಾಣಪತ್ರವನ್ನು ಬೇಗ ಮಾಡಿಸಿಟ್ಟುಕೊಳ್ಳಿ.